ಕೆಂಗೇರಿಯ ಗಂಟೆಯನ್ನು ಇಂಗ್ಲೆಂಡಿನಲ್ಲಿ ಗುಜರಿಗೆ ಹಾಕಿದ್ದು

ರಾಜಾಜಿನಗರ, ಹೊರಡುವ ಮೊದಲು

ಇಂಗ್ಲೆಂಡಿಗೆ ಹೋಗಿ ಬಂದವರೆಲ್ಲ ಮೊದಲು ಅಲ್ಲಿನ ಚಳಿಯ ಬಗ್ಗೆ ಬರೆಯುತ್ತಾರೆ. ನಾನು ನಮ್ಮ ಪತ್ರಿಕೆಯ ಜಗಳದಿಂದ ಶುರು ಮಾಡಬೇಕು. ನಾವಿಬ್ಬರು ಹೊತ್ತುಕೊಂಡು ಹೋದ ಸಾಮಾನಿನಲ್ಲಿ ಅದೇ ಎಲ್ಲಕ್ಕಿಂತ ಭಾರವಾಗಿತ್ತು.

ನಮ್ಮದು ಎರಡು ತಿಂಗಳಿಗೊಮ್ಮೆ ಬರುವ ‘ಹಸಿರು ಬಾವುಟ’. ರೈಲಿನ ಹುಚ್ಚು ಹಿಡಿದವರ ಪತ್ರಿಕೆ. ಹೆಸರು ನೋಡಿ ರೈತರ ಪತ್ರಿಕೆ ಎಂದು ತಿಳಿದು, ರಾಗಿಗೆ ಯೂರಿಯಾ ಯಾವಾಗ ಹಾಕಬೇಕು ಎಂದು ಕೇಳಿ ಬರೆಯುವವರು ಇಂದಿಗೂ ಇದ್ದಾರೆ. ಕಾಮಾಕ್ಷಿಪಾಳ್ಯದಲ್ಲಿ ಮದುವೆ ಕಾರ್ಡು ಅಚ್ಚು ಹಾಕುವ ನಾಗಭೂಷಣ ಇದರ ಸಂಪಾದಕ. ಲಗ್ನಗಳಿಲ್ಲದ ಆಷಾಢದಲ್ಲಿ ನಮ್ಮ ಸಂಚಿಕೆ ದಪ್ಪಗಿರುತ್ತದೆ, ವೈಶಾಖದಲ್ಲಿ ಬರುವುದೇ ಇಲ್ಲ. ಬರೆಯುವವರು ಹನ್ನೆರಡು ಜನ. ಎಲ್ಲರೂ ನಿವೃತ್ತರು, ಇಲ್ಲವೇ ಆಫೀಸಿನಲ್ಲಿದ್ದುಕೊಂಡೇ ನಿವೃತ್ತರಾದವರು.

ಪತ್ರಿಕೆಯಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಒಳಗಿನ ಪುಟಗಳು ಎರಡು ಭಾಗ: ‘ಕಂಡದ್ದು’ ಮತ್ತು ‘ಕೇಳಿದ್ದು’. ತಾನೇ ಹೋಗಿ ನೋಡಿ ಬಂದು ಬರೆದರೆ ಅದು ಕಂಡದ್ದು. ಪುಸ್ತಕ ಓದಿಯೋ ಯಾರದೋ ಬಾಯಿಂದ ತಿಳಿದೋ ಬರೆದರೆ ಅದು ಕೇಳಿದ್ದು. ಕೇಳಿದ್ದನ್ನು ಕಂಡದ್ದು ಎಂದು ಹೇಳಿ ಸಿಕ್ಕಿಬಿದ್ದವನ ಅಂಕಣ ಅಲ್ಲಿಗೆ ಬಂದ್. ಹೀಗೆ ಇಬ್ಬರು ಹೋಗಿದ್ದಾರೆ. ಇಬ್ಬರನ್ನೂ ಹಿಡಿದುಕೊಟ್ಟವನು ನಾನು.

ಕೊನೆಯ ಪುಟದ ‘ತಪ್ಪು-ಒಪ್ಪು’ ಹದಿನೆಂಟು ವರ್ಷದಿಂದ ನನ್ನ ಕೈಯಲ್ಲಿದೆ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿ ಮುಂದಿನ ಸಂಚಿಕೆಯಲ್ಲಿ ಹೆಸರು ಸಮೇತ ಹಾಕುವುದು ನನ್ನ ಕೆಲಸ. ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ನಕ್ಷೆ ಬರೆದವನು ನಾನು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ರಾತ್ರಿ ನಿದ್ದೆ ಬರುವುದಿಲ್ಲ. ನನ್ನ ಹೆಂಡತಿ ಸರೋಜ ಹೇಳುವುದು ಬೇರೆ: “ಸಾರಿಗೆ ಉಪ್ಪು ಹಾಕದೆ ಬಡಿಸಿದ್ರೂ ನಿಮಗೆ ಗೊತ್ತಾಗಲ್ಲ. ಪುಸ್ತಕದಲ್ಲಿ ಒಂದು ಚುಕ್ಕಿ ಬಿಟ್ಟೋಗಿದ್ರೆ ಮಾತ್ರ ಕಣ್ಣಿಗೆ ಹೊಡೆಯುತ್ತೆ.”

ಈ ಹದಿನೆಂಟು ವರ್ಷದಲ್ಲಿ ನನಗೆ ಸಿಗದೆ ಉಳಿದವರು ಒಬ್ಬರೇ, ರಾಮಚಂದ್ರರಾಯರು. ರಾಜಾಜಿನಗರ ಮೂರನೇ ಬ್ಲಾಕಿನವರು, ವಿಮಾ ಕಂಪನಿಯಲ್ಲಿದ್ದು ನಿವೃತ್ತರಾದವರು. ಅವರ ‘ಸೀಮೆಯ ಹಳಿಗಳು’ ಅಂಕಣ ‘ಕಂಡದ್ದು’ ಭಾಗದ ಮೊದಲ ಪುಟದಲ್ಲೇ ಬರುತ್ತದೆ. ಪ್ರಾಯದಲ್ಲಿದ್ದಾಗ ಕಂಪನಿಯವರು ತರಬೇತಿಗೆಂದು ಆರು ತಿಂಗಳು ಇಂಗ್ಲೆಂಡಿಗೆ ಕಳಿಸಿದ್ದರಂತೆ. ಅಲ್ಲಿ ಆಲ್ಡರ್‌ಫೋರ್ಡ್ ಎಂಬ ಸಣ್ಣ ಸ್ಟೇಷನ್ನು, ಪ್ಲಾಟ್‌ಫಾರ್ಮಿನ ಉದ್ದಕ್ಕೂ ಸ್ಟೇಷನ್ ಮಾಸ್ಟರ್ ನೆಟ್ಟ ಗುಲಾಬಿ ಬೇಲಿ, ಗಾಡಿ ನಿಂತಾಗ ಕಿಟಕಿಯೊಳಗೇ ಬರುವ ಹೂವಿನ ವಾಸನೆ. ವರ್ಷಕ್ಕೆ ಎರಡು ಸಲವಾದರೂ ಆ ಗುಲಾಬಿ ಅರಳದೆ ಇರುತ್ತಿರಲಿಲ್ಲ. ನಮ್ಮ ಕಡೆ ಎಲ್ಲರೂ ಅವರನ್ನು ಇಂಗ್ಲೆಂಡ್ ರಾಯರು ಎಂದೇ ಕರೆಯುವುದು. ಕಾಫಿ ಅಂಗಡಿಯಲ್ಲಿ “ಇಂಗ್ಲೆಂಡ್ ರಾಯರಿಗೆ ಒಂದು ಸ್ಟ್ರಾಂಗ್” ಎಂದು ಕೂಗಿದರೆ ರಾಯರು ಕೇಳಿಸದವರ ಹಾಗೆ ಪೇಪರ್ ಮಡಿಸುತ್ತಾರೆ, ಕಿವಿ ಮಾತ್ರ ಕೆಂಪಗಾಗಿರುತ್ತದೆ.

ಇಂಗ್ಲೆಂಡಿನಲ್ಲಿ ನಮ್ಮಂಥದ್ದೇ ಒಂದು ರೈಲು ಪತ್ರಿಕೆ ಇದೆ. ಅವರದನ್ನು ನಮಗೆ ಕಳಿಸುತ್ತಾರೆ, ನಮ್ಮದನ್ನು ನಾಗಭೂಷಣ ಅವರಿಗೆ ಕಳಿಸುತ್ತಾನೆ. ಅವರದನ್ನು ನಾವು ಓದುತ್ತೇವೆ, ನಮ್ಮದರ ಚಿತ್ರ ಅವರು ನೋಡುತ್ತಾರೆ. ಆ ಪತ್ರಿಕೆಯ ವಾರ್ಷಿಕೋತ್ಸವಕ್ಕೆ ಇಬ್ಬರು ಬನ್ನಿ, ನಮ್ಮ ಮನೆಗಳಲ್ಲೇ ಉಳಿದುಕೊಳ್ಳಿ ಎಂದು ಕಾಗದ ಬಂತು. ನಾಗಭೂಷಣ ನಮ್ಮಿಬ್ಬರನ್ನು ಆರಿಸಿದ.

“ರಾಯರಿಗೆ ದಾರಿ ಗೊತ್ತು ಸಾರ್,” ಎಂದ ನನ್ನ ಹತ್ತಿರ. “ನೀವಿದ್ರೆ ಅವ್ರು ಹೇಳೋದು ಸರೀನಾ ಅಂತ ಗೊತ್ತಾಗುತ್ತೆ.”

ಅದೇ ಮಾತನ್ನು ಅವನು ರಾಯರ ಹತ್ತಿರ ಹೇಗೆ ತಿರುಗಿಸಿ ಹೇಳಿದನೋ ಗೊತ್ತಿಲ್ಲ. ರಾಯರು ವಾರಗಟ್ಟಲೆ ನನ್ನ ಕಡೆ ಅನುಮಾನದಿಂದ ನೋಡಿದರು.

ಲಂಡನ್, ಹಳದಿ ಗೆರೆಯ ಹಿಂದೆ

ವಿಮಾನದಲ್ಲಿ ರಾಯರು ನನಗೆ ಇಂಗ್ಲೆಂಡ್ ಕಲಿಸಿದರು. ಎಸ್ಕಲೇಟರಿನಲ್ಲಿ ಬಲಗಡೆ ನಿಲ್ಲಬೇಕು, ಎಡಗಡೆ ನಡೆಯುವವರಿಗೆ. ಯಾರ ಕಾಲನ್ನು ನಾವು ತುಳಿದರೂ ಮೊದಲು ಅವರೇ ಸಾರಿ ಹೇಳುತ್ತಾರೆ, ಗಾಬರಿಯಾಗಬಾರದು. “ನಾನು ಮೊದಲ ಸಲ ಬಂದಾಗ ನನಗೂ ವಿಚಿತ್ರ ಅನ್ನಿಸಿತ್ತು ಮೂರ್ತಿಗಳೇ,” ಎಂದರು. ನಾನು ತಲೆಯಾಡಿಸಿದೆ.

ಇಳಿದ ಮೇಲೆ ಪಾಸ್‌ಪೋರ್ಟ್ ನೋಡುವ ಕಡೆ ಉದ್ದ ಸಾಲು. ರಾಯರು ನನ್ನ ಮುಂದಿದ್ದರು. ನಾನು ಹಳದಿ ಗೆರೆಯ ಹಿಂದೆ ನಿಂತಿದ್ದೆ. ಗಾಜಿನ ಹಿಂದಿದ್ದ ಹೆಣ್ಣುಮಗಳು ಪುಟ ತಿರುವುತ್ತಾ, ಈ ದೇಶಕ್ಕೆ ಮೊದಲ ಸಲ ಬರುತ್ತಿದ್ದೀರಾ ಎಂದು ಕೇಳಿದಳು.

ರಾಯರು ಹಿಂದೆ ಮುಂದೆ ನೋಡಲಿಲ್ಲ. ಹೆಡ್‌ಮಾಸ್ತರ ಮುಂದೆ ನಿಂತವರ ಹಾಗೆ ಎರಡೂ ಕೈ ಕಟ್ಟಿಕೊಂಡು, “ಎಸ್ ಮೇಡಂ. ಫಸ್ಟ್ ಟೈಮ್,” ಎಂದುಬಿಟ್ಟರು.

ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಹದಿನೆಂಟು ವರ್ಷ! ಓದುಗರಿಗೆ ಧಾರಾಳವಾಗಿ ಹೇಳಿದ ಸುಳ್ಳನ್ನು ಸರಕಾರದ ಮೊಹರಿನ ಮುಂದೆ ಹೇಳಲು ರಾಯರಿಗೆ ಧೈರ್ಯ ಸಾಲಲಿಲ್ಲ. ವಿಮಾ ಕಂಪನಿಯಲ್ಲಿದ್ದವರು, ಫಾರಂ ತುಂಬುವಾಗ ಸುಳ್ಳು ಹೇಳಬಾರದು ಎಂಬುದು ರಕ್ತದಲ್ಲಿ ಬಂದಿರುತ್ತದೆ. ಆ ಖುಷಿಯಲ್ಲಿ ನಾನು ಹಳದಿ ಗೆರೆ ದಾಟಿಬಿಟ್ಟಿದ್ದೆ. ಹಿಂದೆ ಹೋಗಿ ಎಂದು ಕೈ ತೋರಿಸಿದರು.

ನನ್ನ ಸರದಿ ಬಂತು. ಯಾಕೆ ಬಂದಿದ್ದೀರಿ ಎಂದಳು. ರೈಲು ನೋಡಲು ಎಂದೆ. ಯಾವ ರೈಲು ಎಂದಳು. ಎಲ್ಲ ಎಂದೆ. ಆಕೆ ನನ್ನ ಮುಖವನ್ನೂ ಫೋಟೋವನ್ನೂ ಮತ್ತೊಂದು ಸಲ ಹೋಲಿಸಿ, ಇವನಿಂದ ದೇಶಕ್ಕೆ ಅಪಾಯವಿಲ್ಲ ಎಂಬ ತೀರ್ಮಾನಕ್ಕೆ ಬಂದು ಮೊಹರು ಒತ್ತಿದಳು.

ಪ್ಲಾಟ್‌ಫಾರ್ಮಿನ ತುದಿ

ಮರುದಿನ ಬೆಳಗ್ಗೆ ಲಂಡನ್ನಿನ ದೊಡ್ಡ ಸ್ಟೇಷನ್ನೊಂದರಲ್ಲಿ ಪ್ಲಾಟ್‌ಫಾರ್ಮಿನ ತುದಿಗೆ ಹೋದೆವು. ಅಲ್ಲಿ ಏಳೆಂಟು ಗಂಡಸರು ನಿಂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಒಂದು ನೋಟ್‌ಬುಕ್, ಹೆಗಲಲ್ಲಿ ಫ್ಲಾಸ್ಕು, ಮೈಮೇಲೆ ಇಪ್ಪತ್ತು ವರ್ಷ ಹಳೆಯ ಕೋಟು. ಗಾಡಿ ಬಂದರೆ ಎಂಜಿನ್ ನಂಬರ್ ಬರೆದುಕೊಳ್ಳುತ್ತಾರೆ. ಹೋದರೆ ಬರೆದದ್ದನ್ನು ಓದಿಕೊಳ್ಳುತ್ತಾರೆ. ಒಬ್ಬರಿಗೊಬ್ಬರು ಮಾತಿಲ್ಲ. ಎರಡು ಗಂಟೆ ಹೊತ್ತಿನಲ್ಲಿ ನನ್ನ ಪಕ್ಕದವನು ಆಡಿದ್ದು ಒಂದೇ ಮಾತು: ನೀವು ನಿಂತಿರುವುದು ಜೆಫ್ ನಿಲ್ಲುವ ಜಾಗ. ಜೆಫ್ ಎಲ್ಲಿ ಎಂದೆ. ಮಂಗಳವಾರ ಬರುತ್ತಾನೆ ಎಂದ. ಅಂದು ಶನಿವಾರ. ಆದರೂ ನಾನು ಜರುಗಿ ನಿಂತೆ.

ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಒಬ್ಬಾಕೆ ಗಾಡಿ ನಾಲ್ಕು ನಿಮಿಷ ತಡವಾಗಿರುವುದಕ್ಕೆ ಕ್ಷಮೆ ಕೇಳಿದಳು. ಏಳೆಂಟು ಜನರೂ ತಲೆಯಾಡಿಸಿ ನಿಟ್ಟುಸಿರು ಬಿಟ್ಟರು, ದೇಶ ಕೆಟ್ಟುಹೋಯಿತು ಎನ್ನುವ ಹಾಗೆ. ನಮ್ಮ ಕಡೆ ಗಾಡಿ ನಾಲ್ಕೇ ನಿಮಿಷ ತಡವಾಗಿ ಬಂದರೆ ಜನ ಇದು ನಿನ್ನೆಯದಿರಬೇಕು ಅಂದುಕೊಳ್ಳುತ್ತಾರೆ.

ನಾವು ಹೋಗಬೇಕಾದ ಊರು ಪಶ್ಚಿಮಕ್ಕೆ ಮೂರು ಗಂಟೆಯ ದಾರಿ. ಹತ್ತುವಾಗ ರಾಯರು, “ಮುಂದಿನ ನಾಲ್ಕು ಬೋಗೀಲೇ ಕೂತ್ಕೋಬೇಕು. ದಾರೀಲಿ ಗಾಡಿ ಎರಡಾಗುತ್ತೆ, ಹಿಂದಿನದು ಬೇರೆ ಊರಿಗೆ ಹೋಗುತ್ತೆ,” ಎಂದರು. ನಿನ್ನೆ ಮೊದಲ ಸಲ ಈ ದೇಶ ನೋಡಿದ ಮನುಷ್ಯ ನನಗೆ ಬೋಗಿ ತೋರಿಸುವುದೇ? ಹಿಂದೆ ಸೀಟು ಖಾಲಿ ಇರುವುದನ್ನು ನಾನು ಕಣ್ಣಾರೆ ಕಂಡಿದ್ದೆ. “ನೀವು ಮುಂದೆ ಕೂತ್ಕೊಳಿ ರಾಯರೇ, ನಾನು ಕಾಲು ಚಾಚ್ಕೊಂಡು ಬರ್ತೀನಿ,” ಎಂದೆ.

ಒಂದೂವರೆ ಗಂಟೆಯಾದ ಮೇಲೆ ಗಾಡಿ ಎರಡಾಯಿತು. ರಾಯರು ನಮ್ಮ ಊರಿಗೆ ಹೋದರು. ನಾನು ಸಮುದ್ರದ ದಡದ ಯಾವುದೋ ಊರಿಗೆ ಹೋದೆ. ಅಲ್ಲಿ ಇಳಿದವನು ನಾನೊಬ್ಬನೇ. ನನ್ನನ್ನು ನೋಡಲು ಬಂದದ್ದು ಕೋಳಿ ಗಾತ್ರದ ಒಂದು ಕಡಲಹಕ್ಕಿ. ಸರೋಜ ಕಟ್ಟಿಕೊಟ್ಟ ಚಪಾತಿಯಲ್ಲಿ ಅರ್ಧವನ್ನು ಅದು ಕೈಯಿಂದಲೇ ಕಿತ್ತುಕೊಂಡು ಹೋಯಿತು. ಬೆಂಚಿನ ಮೇಲೆ ಉಳಿದರ್ಧ ತಿನ್ನುತ್ತಾ ಕೂತಾಗ ನೆನಪಾಯಿತು: ಈ ಗಾಡಿ ದಾರಿಯಲ್ಲಿ ಎರಡಾಗುವುದನ್ನು ರಾಯರು ತಮ್ಮ ಅಂಕಣದಲ್ಲಿ ಬರೆದಿದ್ದರು. ತಪ್ಪು ಹುಡುಕಲು ಅದನ್ನು ಸಾಲು ಸಾಲು ಓದಿದವನು ನಾನೇ.

ಡೆರೆಕ್‌ನ ಮನೆ

ನಮಗೆ ಮನೆಯಲ್ಲಿ ಜಾಗ ಕೊಟ್ಟವನು ಡೆರೆಕ್, ಆ ಪತ್ರಿಕೆಯ ಸಿಗ್ನಲ್ ಅಂಕಣಕಾರ. ಒಳ್ಳೆಯ ಮನುಷ್ಯ. ಬಂದವರಿಗೆ ಟೀ ಬೇಕೇ ಎಂದು ಕೇಳುವ ಮೊದಲು ಸಿಗ್ನಲ್ ಇಷ್ಟವೇ ಎಂದು ಕೇಳುತ್ತಾನೆ. ಅವರ ಮನೆಯ ಬಚ್ಚಲಿನಲ್ಲಿ ನೆಲಕ್ಕೆ ಜಮಖಾನ ಹಾಸಿದ್ದಾರೆ. ಬಕೆಟ್ಟಿಲ್ಲ, ತಂಬಿಗೆಯಿಲ್ಲ, ನೀರು ಹೋಗಲು ನೆಲದಲ್ಲಿ ತೂತಿಲ್ಲ. ತೊಟ್ಟಿಯಲ್ಲಿ ಕೂತು ತನ್ನ ಕೊಳೆಯಲ್ಲಿ ತಾನೇ ನೆನೆಯುವುದು ನನ್ನಿಂದಾಗಲಿಲ್ಲ. ಅಡುಗೆಮನೆಯಿಂದ ಒಂದು ಪಾತ್ರೆ ಕೇಳಿ ತಂದು ಜಮಖಾನದ ಮೇಲೆ ನಿಂತುಕೊಂಡೇ ನಾಲ್ಕು ಚೊಂಬು ಸುರಿದುಕೊಂಡೆ.

ಬಚ್ಚಲಿನ ಕೆಳಗಿನ ಕೋಣೆಯಲ್ಲಿ ಡೆರೆಕ್ ಇಪ್ಪತ್ತೆರಡು ವರ್ಷದಿಂದ ಕಟ್ಟುತ್ತಿದ್ದ ಆಟಿಕೆ ರೈಲಿನ ಊರು ಇತ್ತು. ಹಳಿ, ಸುರಂಗ, ಚರ್ಚು, ಕುರಿ, ಎಲ್ಲ. ನಾನು ಕೆಳಗಿಳಿದು ಬಂದಾಗ ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಡೆರೆಕ್ ಕೊಡೆ ಹಿಡಿದು ಸ್ಟೇಷನ್ನಿನ ಮೇಲೆ ಬಾಗಿ ನಿಂತಿದ್ದ. ಬೈಯಲಿಲ್ಲ. ನಮ್ಮ ಊರಿಗೂ ಕೊನೆಗೆ ಮಾನ್ಸೂನ್ ಬಂತು ಎಂದ. ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ನಮ್ಮಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಇಡೀ ಬೀದಿ ಸೇರಿ ನನ್ನ ವಂಶವನ್ನು ತಿದ್ದಿರುತ್ತಿತ್ತು.

ರಾಯರು ಮಾತ್ರ ಆ ಮನೆಯಲ್ಲಿ ಹುಟ್ಟಿ ಬೆಳೆದವರ ಹಾಗಿದ್ದರು. ಊಟದ ಮೇಜಿನಲ್ಲಿ, ಪಕ್ಕದ ಊರಿನ ಸಿಗ್ನಲ್ ಮನೆಯಲ್ಲಿ ಸಿಗ್ನಲ್ ಎಳೆಯುವ ಲಿವರ್ ಎಷ್ಟಿದ್ದವು ಎಂದು ಡೆರೆಕ್ ತಡವರಿಸಿದಾಗ ರಾಯರು ಮೆಲ್ಲಗೆ ಅದರ ಸಂಖ್ಯೆ ಹೇಳಿದರು. ಡೆರೆಕ್ ಎದ್ದು ಹೋಗಿ ಪುಸ್ತಕ ತೆರೆದು ನೋಡಿ ಬಂದು ಅವರ ಕೈ ಕುಲುಕಿದ. ನಾನು ಹುಡುಕುತ್ತಿದ್ದದ್ದು ಒಂದೇ ಒಂದು ತಪ್ಪು. ಅದು ಸಿಕ್ಕ ಮೇಲೂ ಈ ಮನುಷ್ಯನ ಉಳಿದದ್ದೆಲ್ಲ ಸರಿ ಇತ್ತು.

ಆಲ್ಡರ್‌ಫೋರ್ಡ್

ಮೂರನೆಯ ದಿನ ನಾನೇ ಡೆರೆಕ್‌ಗೆ ಹೇಳಿದೆ: ಆಲ್ಡರ್‌ಫೋರ್ಡ್ ಸ್ಟೇಷನ್ ನೋಡಬೇಕು, ರಾಯರಿಗೆ ಬಹಳ ಪ್ರೀತಿಯ ಜಾಗ. ರಾಯರು ಚಮಚ ಕೆಳಗಿಟ್ಟರು. ಡೆರೆಕ್, ಆ ದಾರಿ ಮುಚ್ಚಿ ನಲವತ್ತು ವರ್ಷ ಆಯಿತಲ್ಲ ಎಂದ.

ಆದರೂ ಕಾರಿನಲ್ಲಿ ಕರೆದುಕೊಂಡು ಹೋದ. ಹಳಿ ಇರಲಿಲ್ಲ. ಸ್ಟೇಷನ್ ಕಟ್ಟಡ ಇತ್ತು, ಪ್ಲಾಟ್‌ಫಾರ್ಮೂ ಇತ್ತು. ಈಗ ಅದೊಂದು ನರ್ಸರಿ. ಪ್ಲಾಟ್‌ಫಾರ್ಮಿನ ಉದ್ದಕ್ಕೂ ಕುಂಡಗಳಲ್ಲಿ ಗುಲಾಬಿ ಗಿಡ ಜೋಡಿಸಿದ್ದರು, ಒಂದೊಂದಕ್ಕೂ ಬೆಲೆಯ ಚೀಟಿ. ಡೆರೆಕ್ ಟೀ ತರಲು ಒಳಗೆ ಹೋದ. ರಾಯರು ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರು. ನಾನು ಹದಿನೆಂಟು ವರ್ಷ ಕಾದ ಗಳಿಗೆ ಅದು. ಪಕ್ಕದಲ್ಲಿ ಕೂತು, “ಗುಲಾಬಿ ಚೆನ್ನಾಗಿದೆ ರಾಯರೇ,” ಎಂದೆ.

“ನಿಮಗೆ ಯಾವಾಗ ಗೊತ್ತಾಯ್ತು?”

“ಏರ್‌ಪೋರ್ಟಲ್ಲಿ. ನೀವು ಆ ಹುಡುಗಿಗೆ ಹೇಳಿದ್ದು ಕೇಳಿಸ್ತು.”

ರಾಯರು ತಲೆಯಾಡಿಸಿದರು. “ಮೊದಲನೇ ಲೇಖನದಲ್ಲಿ ಸರಿಯಾಗೇ ಬರ್ದಿದ್ದೆ ಮೂರ್ತಿಗಳೇ. ‘ಆಲ್ಡರ್‌ಫೋರ್ಡಿನಲ್ಲಿ ಇಳಿದೆವು ಎಂದು ಊಹಿಸಿಕೊಳ್ಳಿ’ ಅಂತ ಶುರುವಾಗ್ತಿತ್ತು. ಪುಟದಲ್ಲಿ ಜಾಗ ಸಾಲ್ದು ಅಂತ ನಾಗಭೂಷಣ ಮೊದಲನೇ ಪ್ಯಾರಾನೇ ತೆಗೆದುಬಿಟ್ಟ. ‘ಕಂಡದ್ದು’ ಅಂತ ಹಾಕ್ದ. ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ಒಂಬತ್ತು ಕಾಗದ ಬಂತು, ಎಷ್ಟು ಚೆನ್ನಾಗಿ ನೋಡಿದ್ದೀರಿ ಅಂತ. ಆಮೇಲೆ ಕಾಫಿ ಅಂಗಡಿಯವನು ಆ ಹೆಸರಿಟ್ಟ. ತರಬೇತಿ, ಆರು ತಿಂಗಳು, ಅದೆಲ್ಲ ಆಮೇಲೆ ಸೇರಿಕೊಂಡಿದ್ದು.”

“ಮತ್ತೆ ಈ ಗುಲಾಬಿ?”

“ಹಳೇ ಗೈಡ್ ಪುಸ್ತಕದಲ್ಲಿತ್ತು. ಅವೆನ್ಯೂ ರೋಡಲ್ಲಿ ಸಿಕ್ಕಿದ್ದು. ದಾರಿ ಮುಚ್ಚಿದಾರೆ ಅಂತ ಅದರಲ್ಲಿ ಬರ್ದಿರಲಿಲ್ಲ.” ನನ್ನ ಕಡೆ ತಿರುಗಿ ಕೇಳಿದರು, “ಬರೀತೀರಾ?”

“ಬರೀಬೇಕಲ್ಲ ರಾಯರೇ. ನನ್ನ ಕೆಲಸ ಅದೇ.”

“ಸರಿ,” ಎಂದರು. ಬೇಡ ಎಂದು ಕೇಳಿಕೊಂಡಿದ್ದರೆ ನನಗೆ ಖುಷಿಯಾಗುತ್ತಿತ್ತು. ಎದ್ದು ಹೋಗಿ ಗುಲಾಬಿ ಕುಂಡವೊಂದಕ್ಕೆ ಬಾಗಿ ಮೂಸಿ ನೋಡಿದರು. “ವಾಸನೇನೇ ಇಲ್ಲ,” ಎಂದು ಬಂದು ಕಾರಿನಲ್ಲಿ ಕೂತರು.

ವಾರ್ಷಿಕೋತ್ಸವದ ಸಭಾಂಗಣ

ಚರ್ಚಿನ ಪಕ್ಕದ ಸಭಾಂಗಣದಲ್ಲಿ ಕೂಟ. ನಲವತ್ತು ಜನ ಸೇರಿದ್ದರು. ಸೌತೆಕಾಯಿ ಇಟ್ಟ ಸ್ಯಾಂಡ್‌ವಿಚ್, ಹಾಲು ಹಾಕಿದ ಬಿಸಿನೀರಿನಂಥ ಟೀ. ಮೂಲೆಗೊಬ್ಬರಂತೆ ಇಬ್ಬರು ಹಿರಿಯ ಅಂಕಣಕಾರರು ಬೆನ್ನು ತಿರುಗಿಸಿ ಕೂತಿದ್ದರು. ಹಳೆಯ ಎಂಜಿನ್ನೊಂದಕ್ಕೆ ಬಳಿದ ಹಸಿರು ಬಣ್ಣ ಕಡುವೋ ತಿಳಿಯೋ ಎಂಬ ವಿಷಯಕ್ಕೆ ಹನ್ನೊಂದು ವರ್ಷದಿಂದ ಅವರಿಗೆ ಮಾತಿಲ್ಲವಂತೆ. ಅಧ್ಯಕ್ಷರು ಭಾಷಣದಲ್ಲಿ ಹದಿನೈದು ಜನರಿಗೆ ವಂದನೆ ಹೇಳಿದರು. ಹದಿನಾರನೆಯವನು ಎದ್ದು ಹೊರಗೆ ಹೋದ. ನನಗೆ ಕಾಮಾಕ್ಷಿಪಾಳ್ಯದಲ್ಲೇ ಇದ್ದ ಹಾಗಿತ್ತು. ಸ್ಯಾಂಡ್‌ವಿಚ್ ಬದಲು ಖಾರಾಬಾತ್ ಇದ್ದಿದ್ದರೆ ಸರಿಹೋಗುತ್ತಿತ್ತು.

ಅಲ್ಲಿ ಡೆರೆಕ್ ನನಗೆ ಮಿಸ್ಟರ್ ಬಾರ್ಟನ್ ಎಂಬವರ ಪರಿಚಯ ಮಾಡಿಸಿದ. ಎಂಬತ್ತು ದಾಟಿದ ಮುದುಕರು. ಮೂವತ್ತು ವರ್ಷದಿಂದ ಆ ಪತ್ರಿಕೆಯಲ್ಲಿ ‘ಮೈಸೂರು ದಾರಿಯ ಪತ್ರ’ ಎಂಬ ಅಂಕಣ ಬರೆಯುತ್ತಿದ್ದರು. ಭಾರತಕ್ಕೆ ಅವರು ಬಂದವರಲ್ಲ. ಅವರ ಚಿಕ್ಕಪ್ಪ ಒಬ್ಬರು ನಮ್ಮ ಕಡೆ ರೈಲ್ವೆಯಲ್ಲಿದ್ದು, ಒಂದು ಪೆಟ್ಟಿಗೆ ತುಂಬ ಫೋಟೋ ಬಿಟ್ಟುಹೋಗಿದ್ದರು. ಅದರಲ್ಲಿ ಒಂದನ್ನು ಬಾರ್ಟನ್ ಕೋಟಿನ ಒಳಜೇಬಿನಿಂದ ತೆಗೆದರು. ಕೆಂಗೇರಿ ಸ್ಟೇಷನ್. ಮಾಸ್ಟರ ಕೋಣೆಯ ಬಾಗಿಲ ಪಕ್ಕದಲ್ಲಿ ಮೊಳದುದ್ದದ ಒಂದು ಹಳಿಯ ತುಂಡು ನೇತುಹಾಕಿದೆ. ಆ ಕಾಲದಲ್ಲಿ ಅದೇ ಗಂಟೆ. ಗಾಡಿ ಬರುವ ಮೊದಲು ಕಬ್ಬಿಣದ ಸರಳಿನಿಂದ ಬಾರಿಸುತ್ತಿದ್ದರು. ಅವರ ಅಂಕಣ ಪ್ರತಿ ಸಲ ಶುರುವಾಗುತ್ತಿದ್ದದ್ದೇ ಬೆಳಗಿನ ಏಳು ನಲವತ್ತರ ಗಾಡಿಗೆ ಕೆಂಗೇರಿಯಲ್ಲಿ ಗಂಟೆ ಬಾರಿಸುವುದರಿಂದ.

ನೀವು ಕೆಂಗೇರಿಯ ಹತ್ತಿರದವರಂತೆ, ಆ ಗಂಟೆ ಹೇಗಿದೆ ಎಂದು ಕೇಳಿದರು, ಊರಿನಲ್ಲಿ ಬಿಟ್ಟುಬಂದ ನೆಂಟರನ್ನು ವಿಚಾರಿಸುವವರ ಹಾಗೆ.

ತಪ್ಪು ಕಂಡರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದು ಎಷ್ಟೋ ವರ್ಷವಾಯಿತು ಎಂದೆ. ಹಬೆ ಎಂಜಿನ್ ಇಲ್ಲ, ಏಳು ನಲವತ್ತರ ಗಾಡಿಯೂ ಇಲ್ಲ ಎಂದೆ. ಗಂಟೆಯೇ? ಅದನ್ನು ಆಗಲೇ ಗುಜರಿಗೆ ಹಾಕಿದರು ಎಂದೆ. ನಾನು ಅಲ್ಲೇ ಬಸವೇಶ್ವರನಗರದಲ್ಲಿದ್ದೇನೆ, ಪಕ್ಕದಲ್ಲೇ, ಎಂದೂ ಸೇರಿಸಿದೆ. ಬಾರ್ಟನ್ ಪೆನ್ಸಿಲ್ ತೆಗೆದು ಎಲ್ಲವನ್ನೂ ಒಂದೊಂದಾಗಿ ಬರೆದುಕೊಂಡರು. ನನ್ನ ಹೆಸರಿನ ಅಕ್ಷರಗಳನ್ನು ಎರಡು ಸಲ ಕೇಳಿ ಬರೆದುಕೊಂಡರು. ಥ್ಯಾಂಕ್ಯೂ ಎಂದರು. ಫೋಟೋವನ್ನು ಮತ್ತೊಮ್ಮೆ ನೋಡದೆ ಜೇಬಿಗೆ ಇಟ್ಟರು. ಹೊತ್ತಾಯಿತೇನೋ ಅಂದುಕೊಂಡೆ.

ಹೊರಗೆ ಬಂದ ಮೇಲೆ ರಾಯರು ಕೇಳಿದರು, “ಗಂಟೆ ಇಲ್ದೇ ಇರೋದನ್ನ ನೀವು ನೋಡಿದ್ರಾ?”

“ಅದರಲ್ಲಿ ನೋಡೋದೇನು ರಾಯರೇ? ಬ್ರಾಡ್ ಗೇಜ್ ಆದ್ಮೇಲೆ ಅದನ್ನ ಇಟ್ಕೊಂಡಿರ್ತಾರಾ?”



ಕೆಂಗೇರಿ

ಬಂದ ವಾರವೇ ರಾಯರ ಮೇಲೆ ಎರಡೂವರೆ ಪುಟ ಬರೆದು ಪ್ರೆಸ್ಸಿಗೆ ಕೊಟ್ಟೆ. ನನ್ನ ಬರಹದಲ್ಲೇ ಅದು ಅತ್ಯುತ್ತಮ. ಲಗ್ನದ ಕಾಲ, ನಾಗಭೂಷಣ ತಡಮಾಡಿದ. ಸರೋಜ ಕರಡು ಓದಿ, “ಪಾಪ, ಅವ್ರು ನಿಮಗೇನ್ ಮಾಡಿದ್ರು?” ಎಂದಳು. ನನಗಲ್ಲ, ಓದುಗರಿಗೆ ಎಂದೆ. “ಯೂರಿಯಾ ಕೇಳೋರಿಗಾ?” ಎಂದು ಒಳಗೆ ಹೋದಳು.

ಎರಡು ತಿಂಗಳಾದ ಮೇಲೆ ಇಂಗ್ಲೆಂಡಿನ ಸಂಚಿಕೆ ಬಂತು. ನಾನು ಪ್ರೆಸ್ಸಿಗೆ ಹೋದಾಗ ರಾಯರು ಅದನ್ನು ಓದುತ್ತಾ ಕೂತಿದ್ದರು. ಬಾರ್ಟನ್ನರ ಅಂಕಣವನ್ನು ತೋರಿಸಿ ನನ್ನ ಕೈಗಿಟ್ಟರು. ಅರ್ಧ ಪುಟವೂ ಇರಲಿಲ್ಲ. ಬಾರ್ಟನ್ ಬರೆದಿದ್ದರು: ‘ಆ ದಾರಿಯ ಪಕ್ಕದಲ್ಲೇ ವಾಸವಿರುವ, ವಿಷಯ ಬಲ್ಲ ಮಹನೀಯರೊಬ್ಬರು ಗಂಟೆ ಈಗ ಇಲ್ಲವೆಂದು ತಿಳಿಸಿದ್ದಾರೆ. ಅದರ ಸದ್ದಿನಿಂದ ಶುರುವಾಗದ ಪತ್ರವನ್ನು ಹೇಗೆ ಬರೆಯಬೇಕೋ ನನಗೆ ತಿಳಿಯದು. ಆದ್ದರಿಂದ ಮೂವತ್ತು ವರ್ಷದ ಈ ಪತ್ರವನ್ನು ಇಲ್ಲಿಗೆ ಮುಗಿಸುತ್ತೇನೆ.’ ಕೆಳಗೆ, ತಿಳಿಸಿದವರು ಎಂದು, ನನ್ನ ಹೆಸರು, ಒಂದಕ್ಷರವೂ ತಪ್ಪಿಲ್ಲದೆ.

“ನಡೀರಿ, ಕೆಂಗೇರಿಗೆ ಹೋಗಿ ಬರೋಣ,” ಎಂದರು ರಾಯರು.

ಬಸ್ಸಿನಲ್ಲಿ ಕೂತಾಗ ಲೆಕ್ಕ ಹಾಕಿದೆ. ನಾನು ಕೆಂಗೇರಿ ಸ್ಟೇಷನ್ನಿನೊಳಗೆ ಕಾಲಿಟ್ಟು ಹದಿನಾಲ್ಕು ವರ್ಷವಾಗಿತ್ತು. ಮೈಸೂರಿಗೆ ಹೋಗಬೇಕಾದರೆ ನಾನು ಹೋಗುವುದು ಬಸ್ಸಿನಲ್ಲಿ. ರೈಲು ಪತ್ರಿಕೆಯವನು ಇದನ್ನು ಹೇಳಿಕೊಳ್ಳಬಾರದು, ಆದರೆ ಬೇಗ ತಲುಪುತ್ತದೆ, ಏನು ಮಾಡುವುದು.

ಗಂಟೆ ಇತ್ತು. ಅದೇ ಹಳಿಯ ತುಂಡು, ಕೋಣೆಯ ಆಚೆ ಗೋಡೆಯಲ್ಲಿ, ತಂತಿಯಲ್ಲಿ ನೇತಾಡುತ್ತಿತ್ತು. ಅದರ ಮೇಲೆ ಯಾರೋ ಟವೆಲ್ ಒಣಗಲು ಹಾಕಿದ್ದರು. ಅಲ್ಲಿದ್ದ ನೌಕರನನ್ನು ಕೇಳಿದೆ.

“ಅದಾ ಸಾರ್? ಅವಾಗಿಂದ ಐತೆ. ಯಾರೂ ಬಾರ್ಸಲ್ಲ. ಈಗೆಲ್ಲ ಮೈಕಲ್ಲೇ ಹೇಳ್ತಾರಲ್ಲ,” ಎಂದು ಟವೆಲ್ ತೆಗೆದುಕೊಂಡು ಹೋದ.

ರಾಯರು ಹಂಗಿಸುತ್ತಾರೆ ಎಂದು ಕಾದೆ. ಹಂಗಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಗಂಟೆಯನ್ನು ಮುಟ್ಟಿ ನೋಡಿ, “ನಾನು ಇಲ್ಲದ್ದನ್ನ ಇದೆ ಅಂದೆ. ನೀವು ಇರೋದನ್ನ ಇಲ್ಲ ಅಂದ್ರಿ. ನನ್ನದರಿಂದ ಯಾರೂ ಬರೆಯೋದು ನಿಲ್ಲಿಸಲಿಲ್ಲ,” ಎಂದರು. ನನಗೆ ನಾಚಿಕೆಯಾಗಿತ್ತು, ಅಷ್ಟೇ. “ನನ್ನದನ್ನ ಹಾಕಿ. ನಿಮ್ಮದನ್ನೂ ಹಾಕಿ,” ಎಂದರು ಆಮೇಲೆ.

ಎರಡನ್ನೂ ಹಾಕಿದೆವು. ನನ್ನ ಎರಡೂವರೆ ಪುಟವನ್ನು ನಾನೇ ನಾಲ್ಕು ಸಾಲಿಗೆ ಇಳಿಸಿದೆ. ಅದರ ಕೆಳಗೆ ನನ್ನ ಮೇಲೆ ನಾನೇ ಆರು ಸಾಲು ಬರೆದೆ. ರೂಢಿಯ ಪ್ರಕಾರ ಇಬ್ಬರ ಅಂಕಣವೂ ಬಂದ್ ಆಗಬೇಕಿತ್ತು. ಆದರೆ ಇಬ್ಬರನ್ನೂ ತೆಗೆದರೆ ಪುಟ ತುಂಬಿಸುವವರು ಯಾರು ಎಂದು ನಾಗಭೂಷಣ ರೂಢಿಯನ್ನೇ ಬಂದ್ ಮಾಡಿದ. ರಾಯರು ‘ಕೇಳಿದ್ದು’ ಭಾಗಕ್ಕೆ ಹೋದರು. ಓದುಗರಿಂದ ಏನೇನು ಬರುತ್ತದೋ ಎಂದು ಇಬ್ಬರೂ ಉಸಿರು ಬಿಗಿಹಿಡಿದು ಕಾದೆವು. ಬಂದದ್ದು ಒಂದೇ ಕಾಗದ. ಈ ಸಲ ಜೋಳಕ್ಕೆ. ಕಾಫಿ ಅಂಗಡಿಯವನು ಇಂದಿಗೂ ಕೂಗುವುದು ಇಂಗ್ಲೆಂಡ್ ರಾಯರೆಂದೇ. ಈಗಂತೂ ಹೋಗಿ ಬಂದಿದ್ದಾರಲ್ಲ.

ಬಾರ್ಟನ್ನರಿಗೆ ಗಂಟೆಯ ಫೋಟೋ ಕಳಿಸಿ, ನಾನು ನೋಡದೆ ಹೇಳಿದ್ದೆ, ತಪ್ಪಾಯಿತು ಎಂದು ಬರೆದೆ. ಮೂರು ವಾರದಲ್ಲಿ ಉತ್ತರ ಬಂತು. ಒಂದು ಮಾತೂ ಬೈದಿರಲಿಲ್ಲ. ‘ಮತ್ತೆ ಬರೆಯಲು ಕೂತಿದ್ದೇನೆ, ಒಂದೇ ಒಂದು ವಿವರ ಬೇಕು: ಈಗ ಅದನ್ನು ಎಷ್ಟು ಹೊತ್ತಿಗೆ ಬಾರಿಸುತ್ತಾರೆ?’

ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ನಾಲ್ಕು ದಿನ ಓಡಾಡಿದೆ. ಬಾರಿಸುವುದಿಲ್ಲ ಎಂದು ಬರೆದರೆ ಸತ್ಯ. ಆ ಸತ್ಯ ಇನ್ನೊಂದು ಸಲ ಆ ಮುದುಕರ ಕೈಯಿಂದ ಪೆನ್ನು ಕಿತ್ತುಕೊಳ್ಳುತ್ತದೆ. ಬಾರಿಸುತ್ತಾರೆ ಎಂದು ಬರೆದರೆ ಸುಳ್ಳು, ಅದೂ ‘ತಪ್ಪು-ಒಪ್ಪು’ ಬರೆಯುವವನ ಕೈಯಿಂದ. ಐದನೆಯ ದಿನ ರಾಯರ ಮನೆ ಬಾಗಿಲು ತಟ್ಟಿದೆ.

ಮರುದಿನ ಬೆಳಗ್ಗೆ ಏಳೂವರೆಗೆ ಇಬ್ಬರೂ ಕೆಂಗೇರಿ ಪ್ಲಾಟ್‌ಫಾರ್ಮಿನಲ್ಲಿದ್ದೆವು. ಕಾಲೇಜು ಹುಡುಗರು, ಆಫೀಸಿಗೆ ಹೋಗುವವರು, ಹೂವಿನ ಬುಟ್ಟಿಯ ಹೆಂಗಸರು. ರಾಯರು ಕಾವಲಿಗೆ ನಿಂತರು. ಗಡಿಯಾರದಲ್ಲಿ ಏಳು ನಲವತ್ತಾಯಿತು. ಚೀಲದಿಂದ ಸರೋಜಳ ಕುಟ್ಟಾಣಿಯ ಗುಂಡು ತೆಗೆದು ಮೂರು ಸಲ ಬಲವಾಗಿ ಬಾರಿಸಿದೆ. ಎಂಥ ಸದ್ದು! ಹಲ್ಲಿನ ಬೇರಿಗೆ ತಾಗಿತು. ಆ ಗಂಟೆಯನ್ನು ಹುಟ್ಟಿದಾಗಿನಿಂದ ಕೇಳದ ಹುಡುಗರೂ ಸೇರಿ ಪ್ಲಾಟ್‌ಫಾರ್ಮಿನ ಜನರೆಲ್ಲ ಚೀಲ ಹೆಗಲಿಗೇರಿಸಿ ಎದ್ದು ನಿಂತು ಗಾಡಿ ಬರುವ ಬಿಡದಿಯ ಕಡೆ ಕತ್ತು ತಿರುಗಿಸಿದರು. ಗಾಡಿ ಯಾವುದೂ ಇರಲಿಲ್ಲ.

ಟವೆಲಿನ ನೌಕರ ಓಡಿ ಬಂದ. “ಯಾರ್ರೀ ಅದು ಬಾರ್ಸಿದ್ದು?”

ಗುಂಡು ನನ್ನ ಬೆನ್ನ ಹಿಂದಿತ್ತು. ರಾಯರು ಕನ್ನಡಕ ಸರಿಮಾಡಿಕೊಂಡು, “ನಾನು ಕಾಣ್ಲಿಲ್ಲಪ್ಪ. ಸದ್ದು ಮಾತ್ರ ಕೇಳಿಸ್ತು,” ಎಂದರು.

ಮನೆಗೆ ಬಂದು ಅಂದೇ ಬಾರ್ಟನ್ನರಿಗೆ ಉತ್ತರ ಬರೆದೆ: ಬೆಳಗ್ಗೆ ಏಳು ನಲವತ್ತಕ್ಕೆ, ಮೂರು ಸಲ. ಜನ ಈಗಲೂ ಅದನ್ನು ಕೇಳಿ ಎದ್ದು ನಿಲ್ಲುತ್ತಾರೆ. ಕಂಡದ್ದು.